ಸ್ಕಿಪ್ಟನ್‌ಗೆ ಬರುವ ಕನ್ನಡಿಗರಿಗೆ: ಊರ ಹಿರಿಯರ ಶಾಲಾದಿನಗಳನ್ನು ಕೇಳಿಸಿಕೊಳ್ಳಿ

ಉತ್ತರ ಯಾರ್ಕ್‌ಶೈರಿನ ಸ್ಕಿಪ್ಟನ್‌ನಲ್ಲಿ ಮನೆ ಮಾಡಲು ಹೊರಟ ನಮ್ಮವರು ಮೊದಲು ವಿಚಾರಿಸುವುದು ಶಾಲೆಗಳ ಬಗ್ಗೆ. ಪ್ರವೇಶದ ನಿಯಮಗಳನ್ನು ಯಾರು ಬೇಕಾದರೂ ಓದಿ ತಿಳಿಯಬಹುದು. ಆದರೆ ಶಾಲೆಯ ಮಾತು ಬಂದೊಡನೆ ಈ ಊರಿನ ಕೆಲವರು ಹೆಮ್ಮೆಯಿಂದ ಮಾತಿಗಿಳಿಯುವುದೇಕೆ, ಇನ್ನು ಕೆಲವರು ವಿಷಯ ಬದಲಿಸುವುದೇಕೆ ಎಂಬುದು ಅರ್ಥವಾಗಬೇಕಾದರೆ, ಎಪ್ಪತ್ತು ದಾಟಿದವರ ಬಾಲ್ಯದ ನೆನಪುಗಳಿಗೆ ಕಿವಿಗೊಡಬೇಕು.

ಅದಕ್ಕೆ ತಕ್ಕ ಜಾಗ ಸಂತೆ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರಗಳಂದು ಹೈ ಸ್ಟ್ರೀಟಿನ ಇಕ್ಕೆಲಗಳ ಕಲ್ಲುಹಾಸಿನ ಮೇಲೆ ಅಂಗಡಿಗಳು ಕೂಡುತ್ತವೆ; ರಸ್ತೆಯ ಮೇಲ್ತುದಿಯಲ್ಲಿ ಚರ್ಚು, ಅದರ ಹಿಂದೆ ಕೋಟೆ. ಪರಿಚಯವಾದ ಕೂಡಲೇ ಸಂಬಳ, ಮದುವೆ, ಮಕ್ಕಳೆಷ್ಟು ಎಂದು ವಿಚಾರಿಸುವ ನಮ್ಮ ರೂಢಿ ಇಲ್ಲಿ ನಡೆಯದು. 1962ರ ಕ್ರಿಸ್‌ಮಸ್‌ನಿಂದ 1963ರ ಮಾರ್ಚಿನವರೆಗೆ ಕಾಡಿದ ಆ ಚಳಿಗಾಲದಲ್ಲಿ ಶಾಲೆಗೆ ಹೇಗೆ ಹೋಗುತ್ತಿದ್ದಿರಿ ಎಂದು ಕೇಳಿ ನೋಡಿ, ಮಾತು ತಾನಾಗಿ ಹರಿಯುತ್ತದೆ: ಹೆಪ್ಪುಗಟ್ಟಿದ ಕಾಲುವೆ, ಅಂಗಳದಾಚೆ ಇದ್ದ ಶಾಲೆಯ ಶೌಚಾಲಯ, ಡ್ಯೂಹರ್ಸ್ಟ್ ಗಿರಣಿಯಲ್ಲಿ ಸಿಲ್ಕೋ ಹೊಲಿಗೆ ದಾರ ತಯಾರಿಸುತ್ತಿದ್ದ ತಾಯಿ.

ಹಾಲಿನ ಕತೆಯಂತೂ ಬಂದೇ ಬರುತ್ತದೆ. 1946ರ ಕಾಯ್ದೆಯ ಪ್ರಕಾರ ಪ್ರತಿ ಶಾಲಾ ಮಗುವಿಗೆ ದಿನಕ್ಕೆ ಪೈಂಟಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 190 ಮಿಲಿಲೀಟರ್ ಹಾಲು ಉಚಿತವಾಗಿ ಸಿಗುತ್ತಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿ ಹೇಳುವಂತೆ, ಚಳಿಗಾಲದ ಬೆಳಿಗ್ಗೆ ಪುಟ್ಟ ಬಾಟಲಿಗಳ ಹಾಲು ಗಡ್ಡೆಕಟ್ಟಿ, ಬೆಳ್ಳಿಬಣ್ಣದ ಮುಚ್ಚಳವನ್ನು ಮೇಲಕ್ಕೆ ತಳ್ಳಿ ನಿಂತಿರುತ್ತಿತ್ತು. ಟೀಚರ್ ಅವನ್ನು ಬಿಸಿಕೊಳವೆಯ ಪಕ್ಕಕ್ಕಿಟ್ಟು ಕರಗಿಸಿ, ಉಗುರುಬೆಚ್ಚಗಾದ ಆ ಹಾಲನ್ನು ಒಂದು ಹನಿ ಬಿಡದೆ ಕುಡಿಸುತ್ತಿದ್ದರು. ಅಜ್ಜಿ ಇಂದಿಗೂ ಹಾಲು ಮುಟ್ಟುವುದಿಲ್ಲ. ಕರ್ನಾಟಕದಲ್ಲಿ 2013ರಿಂದ ಕ್ಷೀರಭಾಗ್ಯವಿದೆ ಎಂದು ನಾನು ತಿಳಿಸಿದಾಗ, ಬಿಸಿಯಾಗಿ ಕೊಡುತ್ತಾರೋ ತಣ್ಣಗೋ ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು. ಏಳು ದಾಟಿದ ಮಕ್ಕಳಿಗೆ ಹಾಲು ನಿಂತದ್ದು 1971ರಲ್ಲಿ, ಮುಂದೆ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಶಿಕ್ಷಣ ಸಚಿವೆಯಾಗಿದ್ದಾಗ. ಆ ಹೆಸರೆತ್ತುವ ಮುನ್ನ ಎದುರಿಗಿರುವವರ ರಾಜಕೀಯ ಯಾವುದೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಎಚ್ಚರ ಬೇಕಾದದ್ದು ಇಲೆವೆನ್ ಪ್ಲಸ್ ಪರೀಕ್ಷೆಯ ವಿಷಯದಲ್ಲಿ. 1944ರ ಶಿಕ್ಷಣ ಕಾಯ್ದೆಯ ನಂತರ, ಹತ್ತು ಹನ್ನೊಂದರ ವಯಸ್ಸಿನಲ್ಲಿ ಬರೆದ ಆ ಒಂದು ಪರೀಕ್ಷೆಯಲ್ಲಿ ಆಯ್ಕೆಯಾದವರು ಓದಿಗೆ ಹೆಚ್ಚು ಒತ್ತು ಕೊಡುವ ಗ್ರಾಮರ್ ಶಾಲೆಗೆ, ಉಳಿದವರಲ್ಲಿ ಹೆಚ್ಚಿನವರು ಸಾಮಾನ್ಯ ಶಿಕ್ಷಣದ ಸೆಕೆಂಡರಿ ಮಾಡರ್ನ್ ಶಾಲೆಗೆ ಹೋಗುತ್ತಿದ್ದರು. ಅದೇ ಅಜ್ಜಿಯ ಅಣ್ಣ ಪಾಸಾದಾಗ ಅವನಿಗೆ ಹೊಸ ಸೈಕಲ್ ಬಂತು. ಎರಡು ವರ್ಷದ ನಂತರ ಇವರು ಆಯ್ಕೆಯಾಗದಿದ್ದಾಗ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋಯಿಸಿತು ಎಂದರು. ಮುಂದೆ ಅವರು ಗಿರಣಿಯ ಲೆಕ್ಕಪತ್ರ ಪೂರ್ತಿ ನೋಡಿಕೊಂಡವರು, ಆದರೂ ತಮ್ಮನ್ನು ದಡ್ಡಿ ಎಂದೇ ಕರೆದುಕೊಳ್ಳುತ್ತಾರೆ.

ಇಂಗ್ಲೆಂಡಿನ ಬಹುಭಾಗದಲ್ಲಿ ಈ ಪದ್ಧತಿ ಹೋಗಿದ್ದರೂ ಸ್ಕಿಪ್ಟನ್‌ನಲ್ಲಿ ಉಳಿದಿದೆ. 1492ರಷ್ಟು ಹಳೆಯದಾದ ಅರ್ಮಿಸ್ಟೆಡ್ಸ್ ಗಂಡುಮಕ್ಕಳ ಗ್ರಾಮರ್ ಶಾಲೆ. ಹೆಣ್ಣುಮಕ್ಕಳಿಗೆ ಅಂಥದ್ದೇ ಸ್ಕಿಪ್ಟನ್ ಗರ್ಲ್ಸ್ ಹೈಸ್ಕೂಲ್. ಪರೀಕ್ಷೆಯಿಲ್ಲದೆ ಸೇರಲು ಸ್ಕಿಪ್ಟನ್ ಅಕಾಡೆಮಿ ಇದೆ. ಪರೀಕ್ಷೆ ನಡೆಯುವುದು ಇಯರ್ 6ರ, ಅಂದರೆ ಪ್ರಾಥಮಿಕ ಶಾಲೆಯ ಕೊನೆಯ ತರಗತಿಯ ಆರಂಭದಲ್ಲಿ, ಸೆಪ್ಟೆಂಬರಿನಲ್ಲಿ. ಆದ್ದರಿಂದ ಮಗು ಇಯರ್ 5ರಲ್ಲಿರುವಾಗಲೇ ಕೌನ್ಸಿಲ್‌ನ ನಿಯಮಗಳನ್ನೂ, ನೀವು ಬಾಡಿಗೆಗೆ ಹಿಡಿಯುವ ಮನೆ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಶಾಲೆಗಳ ಆದ್ಯತೆಯ ಅರ್ಜಿಗೆ ಅಕ್ಟೋಬರ್ 31 ಕಡೆಯ ದಿನ, ಯಾವ ಶಾಲೆ ಸಿಕ್ಕಿತೆಂದು ತಿಳಿಯುವುದು ಮಾರ್ಚ್ 1ಕ್ಕೆ.

ನಮ್ಮವರು ಎಂಟನೆಯ ವಯಸ್ಸಿಗೇ ಟ್ಯೂಷನ್ ಹಚ್ಚಿ, ಶಾಲೆಯ ಗೇಟಿನ ಬಳಿ ಅಂಕಗಳನ್ನು ತೂಗಿ ನೋಡುವುದುಂಟು. ಅದು ನನಗೆ ಸರಿ ಕಾಣುವುದಿಲ್ಲ. ಪಕ್ಕದಲ್ಲಿ ಮೊಮ್ಮಗನಿಗಾಗಿ ಕಾಯುತ್ತಿರುವ ಅಜ್ಜಿಯೂ ಸೈಕಲ್ ಸಿಗದವರಲ್ಲಿ ಒಬ್ಬರಾಗಿರಬಹುದು. ನಿಮ್ಮ ಮಗಳ ಫಲಿತಾಂಶವನ್ನು ಕೇಳಿದವರಿಗಷ್ಟೇ ತಿಳಿಸಿ. ಆದರೆ ಊರ ಹಿರಿಯರು ನೀವು ಓದಿದ ಶಾಲೆಯ ಬಗ್ಗೆ ಕೇಳಿದರೆ ಸಂಕೋಚಪಡದೆ ಹೇಳಿ. ಎಸ್ಸೆಸ್ಸೆಲ್ಸಿ ಎಂದರೇನೆಂದು ನೀವು ವಿವರಿಸಿದರೆ ಕೇಳುವಷ್ಟು ಪುರುಸೊತ್ತು ಸಂತೆಯ ದಿನ ಅವರಿಗೂ ಇರುತ್ತದೆ.