ಸ್ಪೇಸ್ ಇನ್ವೇಡರ್ಸ್: ಗುಂಡು ಎಣಿಸಿ 300 ಅಂಕ ಗಿಟ್ಟಿಸುವುದು ಹೇಗೆ?

ಸ್ಪೇಸ್ ಇನ್ವೇಡರ್ಸ್ ವಿಡಿಯೊ ಗೇಮಿನಲ್ಲಿ ಸಾಲುಸಾಲಾಗಿ ಇಳಿದುಬರುವ ಏಲಿಯನ್‌ಗಳನ್ನು ಕೆಳಗಿರುವ ನಿಮ್ಮ ಫಿರಂಗಿಯಿಂದ ಹೊಡೆಯಬೇಕು. ಪರದೆಯ ಮೇಲಂಚಿನಲ್ಲಿ ಆಗಾಗ ಹಾದುಹೋಗುವ ಹಾರುವ ತಟ್ಟೆಗೆ ಹೊಡೆದರೆ 50, 100, 150 ಇಲ್ಲವೇ 300 ಅಂಕ. ಯಾವುದು ಸಿಗುತ್ತದೆ ಎಂಬುದು ಅದೃಷ್ಟವಲ್ಲ. 1978ರಲ್ಲಿ ಜಪಾನಿನ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಇಂಟೆಲ್ 8080 ಪ್ರೊಸೆಸರಿಗೆ ಬರೆದ ಪ್ರೋಗ್ರಾಮಿನಲ್ಲಿ ಈ ಅಂಕಗಳ ಪಟ್ಟಿಯೇ ಇದೆ. ನಿಮ್ಮ ಒಂದೊಂದು ಗುಂಡಿಗೂ ಅದು ಒಂದೊಂದು ಮನೆ ಮುಂದೆ ಸರಿಯುತ್ತದೆ. ಪಟ್ಟಿಯಲ್ಲಿ 16 ಮನೆಗಳಿದ್ದರೂ, ಪ್ರೋಗ್ರಾಮಿನ ಸಣ್ಣ ದೋಷದಿಂದ 15 ಮುಗಿಯುತ್ತಲೇ ಮತ್ತೆ ಮೊದಲಿಗೆ ಮರಳುತ್ತದೆ. 300 ಇರುವುದು ಒಂದೇ ಮನೆಯಲ್ಲಿ.

ಪ್ರತಿ ಹೊಸ ಸುತ್ತಿನಲ್ಲೂ ಎಣಿಕೆ ಒಂದರಿಂದ ಶುರು. 22 ಗುಂಡು ಹಾರಿಸಿ, 23ನೆಯದನ್ನು ತಟ್ಟೆಗೆ ಹೊಡೆಯಿರಿ. ಆಮೇಲೆ 14 ಬಿಟ್ಟು 15ನೆಯದು ತಟ್ಟೆಗೆ. ಗುರಿ ತಪ್ಪಿದ್ದು, ನಿಮ್ಮದೇ ಬಂಕರಿಗೆ (ಫಿರಂಗಿಯ ಮೇಲಿರುವ ರಕ್ಷಣಾ ಗೋಡೆ) ಬಡಿದದ್ದು, ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಎಣಿಕೆ ಸಾಮಾನ್ಯವಾಗಿ ತಪ್ಪುವುದು ಬಟನ್ ಒತ್ತಿದ್ದನ್ನು ಎಣಿಸುವುದರಿಂದ: ಪರದೆಯ ಮೇಲೆ ಒಂದು ಗುಂಡು ಇರುವಾಗ ಎಷ್ಟು ಒತ್ತಿದರೂ ಇನ್ನೊಂದು ಹೊರಡುವುದಿಲ್ಲ. ಹೊರಟ ಗುಂಡನ್ನಷ್ಟೇ ಎಣಿಸಿ.

ತಟ್ಟೆ ಬರುವುದು ಸುಮಾರು 25 ಸೆಕೆಂಡಿಗೊಮ್ಮೆ. 22 ಮುಗಿದರೆ ಗುಂಡು ಹಾರಿಸದೆ, ತಪ್ಪಿಸಿಕೊಳ್ಳುತ್ತಾ ಕಾಯಿರಿ. 19 ಅಥವಾ 20ರಲ್ಲಿರುವಾಗಲೇ ಅದು ಬಂದುಬಿಟ್ಟರೆ, ಉಳಿದವನ್ನು ತಲೆಯ ಮೇಲಿನ ಬಂಕರಿಗೆ ಪಟಪಟ ಹೊಡೆಯಿರಿ. ಹತ್ತಿರ ಬಡಿಯುವ ಗುಂಡು ಬೇಗ ಮುಗಿಯುತ್ತದೆ.

ಇನ್ನೊಂದು ತೊಡಕಿದೆ. ಏಲಿಯನ್‌ಗಳು 8ಕ್ಕಿಂತ ಕಡಿಮೆಯಾದರೆ ತಟ್ಟೆ ಬರುವುದೇ ಇಲ್ಲ. ಶುರುವಿನಲ್ಲಿರುವುದು 55. 23, 38ನೆಯ ಗುಂಡುಗಳಿಗೆ ಚಿಂತೆಯಿಲ್ಲ; 53ನೆಯದಕ್ಕೂ ತಟ್ಟೆ ಬೇಕೆಂದರೆ ಅಷ್ಟರೊಳಗೆ ಕನಿಷ್ಠ 3 ಗುಂಡು ಬೇಕೆಂದೇ ವ್ಯರ್ಥ ಮಾಡಬೇಕು. ಗುಂಪು ಕರಗಿದಷ್ಟೂ ವೇಗ ಏರುತ್ತದೆ, ಏಕೆಂದರೆ ಯಂತ್ರ ಒಂದು ಫ್ರೇಮಿಗೆ (ಪರದೆಯ ಚಿತ್ರ ಒಮ್ಮೆ ಬದಲಾಗುವುದಕ್ಕೆ) ಒಂದೇ ಏಲಿಯನ್ ಸರಿಸುತ್ತದೆ: 55 ಇದ್ದಾಗ ಒಂದು ಹೆಜ್ಜೆಗೆ ಹೆಚ್ಚುಕಡಿಮೆ ಒಂದು ಸೆಕೆಂಡ್, ಕೊನೆಯದೊಂದಕ್ಕೆ ಪ್ರತಿ ಫ್ರೇಮಿಗೂ ಒಂದು ಹೆಜ್ಜೆ. ಆದ್ದರಿಂದ ಅಂಚಿನ ಕಂಬಸಾಲುಗಳನ್ನು ಮೊದಲು ತೆಗೆಯಿರಿ. ಗೋಡೆ ಮುಟ್ಟಲು ದೂರ ಹೆಚ್ಚಾಗಿ, ಗುಂಪು ಕೆಳಗಿಳಿಯುವುದು ತಡವಾಗುತ್ತದೆ.

ಈಗ ಆಡುವವರಿಗೆ ಹಳೆಯ ನಾಣ್ಯದ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಮೇಮ್ (MAME) ಎಮ್ಯುಲೇಟರ್ ಸಾಕು: 5 ಒತ್ತಿದರೆ ನಾಣ್ಯ, 1 ಒತ್ತಿದರೆ ಆಟ, ಎಡ ಕಂಟ್ರೋಲ್ ಕೀ ಒತ್ತಿದರೆ ಗುಂಡು. ಮನೆಯ ಟಿವಿಗೆ ಜೋಡಿಸುವ ಅಟಾರಿ 2600 ಯಂತ್ರದ 1980ರ ಆವೃತ್ತಿಯಲ್ಲಿ ಎಣಿಸಿ ಪ್ರಯೋಜನವಿಲ್ಲ, ಅಲ್ಲಿ ತಟ್ಟೆಗೆ ಯಾವಾಗಲೂ 200.

ಎಣಿಕೆ ಕೈಗೆ ಹತ್ತಿದ ಮೇಲೆ ಜಪಾನಿನ ಆಟಗಾರರ ನಗೋಯಾ ಪಟ್ಟನ್ನೂ ಹಾಕಬಹುದು. ಏಲಿಯನ್‌ಗಳನ್ನು ಫಿರಂಗಿಗೆ ತಾಗುವಷ್ಟು ಕೆಳಗಿಳಿಯಲು ಬಿಡಿ. ಅವುಗಳ ಗುಂಡು ಹುಟ್ಟುವುದು ದೇಹದ ಕೆಳಗೆ. ಅಷ್ಟು ಸಮೀಪದಲ್ಲಿ ಅದು ಫಿರಂಗಿಯನ್ನು ದಾಟಿಯೇ ಹುಟ್ಟುತ್ತದೆ, ನಿಮಗೆ ಬಡಿಯದು. ಆದರೆ ಕೆಳಸಾಲು ಖಾಲಿಯಾದ ಕಡೆ ಮೇಲಿನವು ಹಾರಿಸುವ ಗುಂಡು ಕೊಲ್ಲುತ್ತದೆ. ಇನ್ನೊಂದು ಸಾಲು ಇಳಿಯುವ ಮೊದಲು ಕೆಳಸಾಲು ಪೂರ್ತಿ ಖಾಲಿಯಾಗಿರಬೇಕು. ಒಂದು ಏಲಿಯನ್ ನೆಲ ಮುಟ್ಟಿದರೂ ಎಷ್ಟು ಫಿರಂಗಿ ಉಳಿದಿದ್ದರೂ ಆಟ ಮುಗಿಯಿತು.