ಸಣ್ಣ ಡ್ರೋನಿನ ವಿಡಿಯೊ ಅಲುಗಾಟ: ಎಲ್ಲವೂ ಮಿಲಿಸೆಕೆಂಡಿನ ಲೆಕ್ಕ

ಗಿಂಬಲ್ (ಕ್ಯಾಮೆರಾವನ್ನು ಅಲುಗದಂತೆ ಹಿಡಿದಿಡುವ ಮೋಟರು ತೊಟ್ಟಿಲು) ಹೊರಲಾಗದ ಸಣ್ಣ ಡ್ರೋನಿನಲ್ಲಿ, ಹಾರುತ್ತಿರುವಾಗಲೇ ಚಿತ್ರವನ್ನು ಸ್ಥಿರಗೊಳಿಸಲು ನಾನು ಬಳಸಿದ್ದು ಮೂರೇ ಭಾಗ: ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಅದರ ಕ್ಯಾಮೆರಾ ಮಾಡ್ಯೂಲ್ 2, ತಿರುಗುವ ವೇಗ ಅಳೆಯುವ ಎಂಪಿಯು-6050 ಗೈರೊ. ಬರೀ ಚಿತ್ರ ನೋಡಿ ಚಲನೆ ಅಳೆಯುವ ಆಪ್ಟಿಕಲ್ ಫ್ಲೋ ವಿಧಾನ ಕೆರೆಯ ಮೇಲೆ, ಗಾಳಿಗೆ ತೊನೆಯುವ ಜೋಳದ ಹೊಲದ ಮೇಲೆ ಸೋಲುತ್ತದೆ. ಅಲುಗಿದ್ದು ತೆನೆಯೋ ಕ್ಯಾಮೆರಾವೋ ಅದಕ್ಕೆ ತಿಳಿಯದು. ಗೈರೊಗೆ ಆ ಗೊಂದಲವಿಲ್ಲ.

ಚಿತ್ರವನ್ನು 1640×1232ರಲ್ಲಿ ಸೆರೆಹಿಡಿದು 1280×720 ಮಾತ್ರ ಹೊರಗೆ ಕಳಿಸುತ್ತೇನೆ. ಪಕ್ಕಗಳಲ್ಲಿ 180, ಮೇಲೆ ಕೆಳಗೆ 256 ಪಿಕ್ಸೆಲ್ ಅಂಚು ಉಳಿಯುತ್ತದೆ. ಕ್ಯಾಮೆರಾ ಅಲುಗಿದಷ್ಟೂ ಚಿತ್ರವನ್ನು ಈ ಅಂಚಿನೊಳಗೆ ಎದುರು ದಿಕ್ಕಿಗೆ ಸರಿಸುವುದೇ ತಿದ್ದುಪಡಿ. ಈ ಮೋಡ್‌ನಲ್ಲಿ ಡಿಗ್ರಿಯನ್ನು ಪಿಕ್ಸೆಲ್ಲಿಗೆ ಬದಲಿಸಲು ಬೇಕಾದ ಲೆನ್ಸಿನ ಫೋಕಲ್ ದೂರ ಸುಮಾರು 1357 ಪಿಕ್ಸೆಲ್. ಅಂದರೆ ಅಡ್ಡಕ್ಕೆ ಏಳೂವರೆ ಡಿಗ್ರಿಯಷ್ಟು ಅಲುಗಾಟ ನುಂಗಬಹುದು, ಅದಕ್ಕಿಂತ ಹೆಚ್ಚಾದರೆ ಕಪ್ಪು ಅಂಚು ಇಣುಕುತ್ತದೆ.

ಹೆಚ್ಚಿನವರು ಎಡವುವುದು ಸಮಯದಲ್ಲಿ. ಡ್ರೋನ್ ಸೆಕೆಂಡಿಗೆ 60 ಡಿಗ್ರಿ ತಿರುಗುವಾಗ ಗೈರೊಗೂ ಚಿತ್ರಕ್ಕೂ 10 ಮಿಲಿಸೆಕೆಂಡ್ ವ್ಯತ್ಯಾಸವಿದ್ದರೆ ತಪ್ಪು 14 ಪಿಕ್ಸೆಲ್. ತಿದ್ದುಪಡಿಯೇ ಹೊಸ ನಡುಕವಾಗುತ್ತದೆ. ಪೈನಲ್ಲಿ ಕ್ಯಾಮೆರಾ ನಡೆಸುವ ತಂತ್ರಾಂಶ ಲಿಬ್‌ಕ್ಯಾಮೆರಾ ಪ್ರತಿ ಫ್ರೇಮಿಗೂ ಕೊಡುವ ಸೆನ್ಸರ್ ಟೈಮ್‌ಸ್ಟ್ಯಾಂಪ್ (ಸಮಯದ ಗುರುತು) ಬೂಟ್‌ಟೈಮ್ ಗಡಿಯಾರದ್ದು, ಅಂದರೆ ಪೈ ಶುರುವಾದಾಗಿನಿಂದ ಎಣಿಸುವಂಥದ್ದು, ಸೆನ್ಸರ್ ಮೊದಲ ಸಾಲನ್ನು ಓದಿ ಕಳಿಸಲು ಶುರುಮಾಡಿದ ಹೊತ್ತಿನದು. ಗೈರೊ ಓದುವ ಕೋಡಿನಲ್ಲೂ ಅದೇ ಗಡಿಯಾರ ಬಳಸಿ. ಫ್ರೇಮಿನ ಸಮಯದಿಂದ ಎಕ್ಸ್‌ಪೋಶರಿನ (ಸಾಲು ಬೆಳಕಿಗೆ ತೆರೆದಿರುವ ಅವಧಿಯ) ಅರ್ಧ ಕಳೆಯಿರಿ, ಗೈರೊ ಸಮಯದಿಂದ ವೇಗದ ಕಂಪನ ಸೋಸುವ ಅದರ ಒಳಫಿಲ್ಟರಿನ ವಿಳಂಬ ಕಳೆಯಿರಿ: 188 ಹರ್ಟ್ಜ್‌ಗೆ 1.9, 42 ಹರ್ಟ್ಜ್‌ಗೆ 4.8 ಮಿಲಿಸೆಕೆಂಡ್. ಉಳಿದ ವ್ಯತ್ಯಾಸ ಹಿಡಿಯಲು ಮೋಟರಿನ ರೆಕ್ಕೆಗಳನ್ನು (ಪ್ರೊಪೆಲ್ಲರ್) ಬಿಚ್ಚಿಟ್ಟು, ದೂರದ ಗೋಡೆಯೊಂದಕ್ಕೆ ಕ್ಯಾಮೆರಾ ತೋರಿಸಿ, ಡ್ರೋನನ್ನು ಕೈಯಲ್ಲೇ 20 ಸೆಕೆಂಡ್ ಎಡಬಲಕ್ಕೆ ತಿರುಗಿಸಬೇಕು. ಚಿತ್ರದಿಂದ ಸಿಕ್ಕ ವೇಗವನ್ನೂ ಗೈರೊ ವೇಗವನ್ನೂ ಒಂದೊಂದೇ ಮಿಲಿಸೆಕೆಂಡ್ ಸರಿಸುತ್ತ ಹೋಲಿಸಿ, ಎರಡೂ ಚೆನ್ನಾಗಿ ಕೂಡುವಲ್ಲಿ ನಿಲ್ಲಿಸಿ. ಇಲ್ಲಿ ಅರ್ಧ ದಿನ ಹೋದರೂ ಹೋಗಲಿ.

ಈ ಸೆನ್ಸರ್ ಸಾಲುಸಾಲಾಗಿ ಓದುತ್ತದೆ. ಮೇಲಿನಿಂದ ಕೆಳಸಾಲಿಗೆ ಬರಲು ಸುಮಾರು 23 ಮಿಲಿಸೆಕೆಂಡ್. ಅದೇ 60 ಡಿಗ್ರಿ ವೇಗದಲ್ಲಿ ನೆಟ್ಟಗಿನ ವಿದ್ಯುತ್ ಕಂಬ 33 ಪಿಕ್ಸೆಲ್ ವಾಲುತ್ತದೆ. ಇಡೀ ಫ್ರೇಮಿಗೆ ಒಂದೇ ತಿರುಗುವಿಕೆ ಹಾಕಿದರೆ ಈ ವಾಲು ಹೋಗುವುದಿಲ್ಲ. ಚಿತ್ರವನ್ನು 16 ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಗೂ ಅದರದೇ ಸಮಯದ ಕೋನ ಕೊಟ್ಟು, ಪೈನ ಚಿತ್ರ ಸಂಸ್ಕಾರಕವಾದ ಜಿಪಿಯುನಲ್ಲಿ ಬಾಗಿಸುತ್ತೇನೆ. ಸಿಪಿಯುಗೆ ಈ ಕೆಲಸ ಹೊರಿಸಬೇಡಿ.

ನಡುಕವನ್ನು ಮಾತ್ರ ತೆಗೆದು ಬೇಕೆಂದೇ ತಿರುಗಿಸಿದ್ದನ್ನು ಉಳಿಸಲು, ಗೈರೊ ಕೊಟ್ಟ ಕೋನವನ್ನು ನಯಗೊಳಿಸುವ ಇನ್ನೊಂದು ಫಿಲ್ಟರ್ ಬೇಕು. ಮುಂದಿನ ಫ್ರೇಮ್ ಕೈಯಲ್ಲಿರದ ಕಾರಣ ಅದು ಸದಾ ಹಿಂದೆ ಬೀಳುತ್ತದೆ. ಅರ್ಧ ಸೆಕೆಂಡಿನ ಫಿಲ್ಟರ್ ಇಟ್ಟು ಸೆಕೆಂಡಿಗೆ 60 ಡಿಗ್ರಿ ತಿರುಗಿಸಿದರೆ ಹಿನ್ನಡೆ 30 ಡಿಗ್ರಿ. ನಮ್ಮ ಅಂಚು ಏಳೂವರೆ. ಆದ್ದರಿಂದ ತಿದ್ದುಪಡಿ 4 ಡಿಗ್ರಿ ದಾಟಿದೊಡನೆ ಫಿಲ್ಟರಿನ ಅವಧಿಯನ್ನು ಹಂತಹಂತವಾಗಿ ಇಳಿಸುತ್ತೇನೆ. ಒಮ್ಮೆಲೇ ಇಳಿಸಿದರೆ ಚಿತ್ರ ಜಗ್ಗಿದಂತಾಗುತ್ತದೆ.

ಗೈರೊವನ್ನು ಕ್ಯಾಮೆರಾ ಕೂತ ತಟ್ಟೆಗೇ ಬಿಗಿಯಬೇಕು. ಕ್ಯಾಮೆರಾ ರಬ್ಬರಿನ ಮೇಲೆ, ಗೈರೊ ಡ್ರೋನಿನ ಚೌಕಟ್ಟಿನ ಮೇಲೆ ಇದ್ದರೆ ಅವೆರಡೂ ಬೇರೆಬೇರೆಯಾಗಿ ಅಲುಗುತ್ತವೆ. ಗೈರೊವನ್ನು ಸೆಕೆಂಡಿಗೆ 1000 ಸಲ ಓದಿ. 188 ಹರ್ಟ್ಜ್ ಫಿಲ್ಟರ್ ಇಟ್ಟು 200 ಸಲ ಮಾತ್ರ ಓದಿದರೆ, 10,000 ಆರ್‌ಪಿಎಂ ಮೋಟರಿನ 167 ಹರ್ಟ್ಜ್ ಕಂಪನ 33 ಹರ್ಟ್ಜ್‌ನ ಸುಳ್ಳು ಅಲುಗಾಟವಾಗಿ ಚಿತ್ರಕ್ಕೆ ಸೇರುತ್ತದೆ.

ಬಿಸಿಲಿನಲ್ಲಿ ಶಟರ್ 1/1000 ಸೆಕೆಂಡಿನಲ್ಲಿ ಕಟ್ಟಿಹಾಕಿ. ಮುಸ್ಸಂಜೆಗೆ ಅದು 1/60ಕ್ಕೆ ಇಳಿದರೆ ಪ್ರತಿ ಫ್ರೇಮಿನೊಳಗೇ ಮಸುಕು ಕೂರುತ್ತದೆ. ಚಿತ್ರ ನಿಂತಿರುತ್ತದೆ, ಆದರೆ ಬಿಟ್ಟುಬಿಟ್ಟು ಮಂಜಾಗುತ್ತದೆ. ಅದನ್ನು ಯಾವ ಕೋನವೂ ತಿದ್ದಲಾರದು.