ಲಾರಿ ಡ್ರೈವರ್ ತನ್ನ ಡ್ಯೂಟಿ ಗಂಟೆ ಲೆಕ್ಕ ಇಡುವುದು ಹೇಗೆ?

ನಮ್ಮ ಸೋದರಮಾವ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಮನೆ. ಅಂಗಿ ಜೇಬಿನಲ್ಲಿ ಸದಾ ಒಂದು ಪುಟ್ಟ ಪುಸ್ತಕ. ಡೀಸೆಲ್ ಎಷ್ಟು, ಬಾಟಾ (ದಿನದ ಭತ್ಯೆ) ಎಷ್ಟು, ಪಂಕ್ಚರಿಗೆ ಎಷ್ಟು, ಎಲ್ಲ ಅದರಲ್ಲಿ. ಎಷ್ಟು ಹೊತ್ತು ಮಲಗಿದರು ಅನ್ನುವುದು ಮಾತ್ರ ಯಾವ ಪುಟದಲ್ಲೂ ಇಲ್ಲ. ಒಂದು ದಿನ ಬೆಳಗಿನ ಜಾವ ಬಂದವರು ಚಪ್ಪಲಿಯನ್ನೂ ಬಿಚ್ಚದೆ ಚಾವಡಿಯಲ್ಲೇ ಮಲಗಿಬಿಟ್ಟರು. ನಿದ್ದೆಯಲ್ಲೂ ಬೆರಳುಗಳು ಸ್ಟೇರಿಂಗ್ ಹಿಡಿದ ಹಾಗೆ ಮಡಚಿಕೊಂಡಿದ್ದವು. ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಬಿಡಿಸಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆ ಪುಸ್ತಕದಲ್ಲಿ ಗಂಟೆಗೂ ಒಂದು ಕಾಲಂ ಬೇಕು. ಈಗಂತೂ ಬೇಕೇ ಬೇಕು, ಯಾಕಂದ್ರೆ ಕಾನೂನು ಬದಲಾಗಿದೆ. ಇಷ್ಟು ವರ್ಷ ಇದ್ದದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಅದರ ಜಾಗಕ್ಕೆ 2020ರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ದಿನಕ್ಕೆ 8 ಗಂಟೆ ಕೆಲಸ, ವಾರಕ್ಕೊಂದು ರಜೆ, ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಸಂಬಳ ಹಾಗೇ ಉಳಿದಿವೆ. ನೇಮಕಾತಿ ಪತ್ರ ಕೊಡಲೇಬೇಕು ಅನ್ನುವುದು ಹೊಸದು. ವಿರಾಮದ ವಿವರಗಳನ್ನು ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕು. ಹಾಗಾಗಿ ಹಳೆಯ ಕಾಯ್ದೆಯ ಅಳತೆಗಳನ್ನು ಮರೆಯಬೇಡಿ: 5 ಗಂಟೆ ಒಂದೇ ಸಮನೆ ದುಡಿದರೆ ಕನಿಷ್ಠ ಅರ್ಧ ಗಂಟೆ ಬಿಡುವು, ಬಿಡುವೂ ಸೇರಿ ದಿನದ ಡ್ಯೂಟಿ 12 ಗಂಟೆಯೊಳಗೆ, ಮರುದಿನದ ಕೆಲಸಕ್ಕೆ ಮೊದಲು 9 ಗಂಟೆ ವಿಶ್ರಾಂತಿ. ದೂರದ ಮಾರ್ಗಕ್ಕೆ ಅನುಮತಿ ಪಡೆದು 10 ಗಂಟೆಯವರೆಗೆ ದುಡಿಸಬಹುದಿತ್ತು.

ಮೊದಲು ನಿಮ್ಮ ಧಣಿಯ ಹತ್ತಿರ ಎಷ್ಟು ಜನ ಕೆಲಸಕ್ಕಿದ್ದಾರೆ ಎಣಿಸಿ. ಹಳೆಯ ಕಾಯ್ದೆಗೆ 5 ಜನ ಸಾಕಿತ್ತು, ಸಂಹಿತೆಗೆ 10 ಜನ ಬೇಕು. ಮಂಜೇಶ್ವರ, ಕುಂಬಳೆ ಕಡೆ ಒಂದೆರಡು ಲಾರಿ ಇಟ್ಟುಕೊಂಡವರೇ ಜಾಸ್ತಿ ಅಲ್ವಾ? ಅಲ್ಲಿ ದುಡಿಯುವವರನ್ನು ಹೊರಗಿಟ್ಟದ್ದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಆದರೆ ಅವರೂ ಕೈಚೆಲ್ಲಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್, ಸಾರಿಗೆ ವಾಹನ ಓಡಿಸುವ ಯಾರಿಗೇ ಆದರೂ 1961ರ ಕಾಯ್ದೆಯ ಗಂಟೆಗಳೇ ಅನ್ವಯ ಅನ್ನುತ್ತದೆ.

ಆಮೇಲೆ ಪುಸ್ತಕ ತೆಗೆಯಿರಿ. ಎಲ್ಲರೂ ತಪ್ಪುವುದು ಇಲ್ಲೇ: ಗಾಡಿ ಸ್ಟಾರ್ಟ್ ಮಾಡಿದಲ್ಲಿಂದ ಗಂಟೆ ಎಣಿಸುತ್ತಾರೆ. ಹಾಗಲ್ಲ. ಲೋಡ್ ಮಾಡುವುದು, ಇಳಿಸುವುದು, ಗಾಡಿ ರಿಪೇರಿ, ಲೆಕ್ಕ ಬರೆದು ಹಣ ಕಟ್ಟುವುದು ಎಲ್ಲವೂ ಕೆಲಸವೇ. ಟಾರ್ಪಾಲು ಎಳೆದು ಹಗ್ಗ ಬಿಗಿಯುವುದೂ ಸೇರಿತು. ಕ್ಯೂನಲ್ಲಿ ಕಾಯುವಾಗ ಗಾಡಿ ಬಿಟ್ಟು ಹೋಗುವ ಸ್ವಾತಂತ್ರ್ಯ ಇತ್ತೇ ಅನ್ನುವುದನ್ನೂ ಬರೆಯಿರಿ. ಹತ್ತು ನಿಮಿಷಕ್ಕೊಮ್ಮೆ ಲಾರಿ ಮುಂದೆ ತಳ್ಳುತ್ತಾ ಕೂತರೆ ಅದು ವಿಶ್ರಾಂತಿ ಹೇಗಾದೀತು?

ಒಂದು ಪುಟ ಬರೆದು ನೋಡೋಣ. ಕುಂಬಳೆಯಿಂದ ಎರ್ನಾಕುಳಂಗೆ ತೆಂಗಿನಕಾಯಿ, ಹತ್ತಿರ ಹತ್ತಿರ 400 ಕಿಲೋಮೀಟರ್. ಬೆಳಗ್ಗೆ 7ಕ್ಕೆ ಲೋಡಿಂಗ್ ಶುರು. 9.15ಕ್ಕೆ ಹೊರಟಿರಿ. 11.45ಕ್ಕೆ ಪಯ್ಯನ್ನೂರು, ಅಲ್ಲಿ ಅರ್ಧ ಗಂಟೆ ಊಟ. ಅಷ್ಟರಲ್ಲೇ 4 ಗಂಟೆ 45 ನಿಮಿಷ ಮುಗಿದಿರುತ್ತದೆ. 12.15ಕ್ಕೆ ಮತ್ತೆ ಹೊರಟರೆ 3.30ಕ್ಕೆ 8 ಗಂಟೆ ಭರ್ತಿ. ನೀವಿನ್ನೂ ವಡಕರದ ಆಸುಪಾಸಿನಲ್ಲಿ. 10 ಗಂಟೆ ಲೆಕ್ಕ ಹಿಡಿದರೂ ಕೋಝಿಕ್ಕೋಡ್ ದಾಟುವುದು ಕಷ್ಟ. ಅಂದರೆ ಒಬ್ಬ ಡ್ರೈವರ್ ಅದೇ ದಿನ ಎರ್ನಾಕುಳಂ ಮುಟ್ಟಿದ್ದಾನೆ ಅಂದರೆ ನಿದ್ದೆ ಬಿಟ್ಟೇ ಮುಟ್ಟಿದ್ದಾನೆ.

ಈ ಪುಟವನ್ನು ಟ್ರಿಪ್ಪಿಗೆ ಮುಂಚೆಯೇ ಧಣಿಗೆ ತೋರಿಸಿ. 'ಲೋಡು ನಾಳೆ ಮಧ್ಯಾಹ್ನಕ್ಕೆ ಮುಟ್ಟುತ್ತದೆ ಅಂತ ಪಾರ್ಟಿಗೆ ಈಗಲೇ ಹೇಳಿಬಿಡಿ ಧಣಿ' ಅಂದರೆ ಜಗಳವಿಲ್ಲ. ಇವತ್ತೇ ಮುಟ್ಟಬೇಕಾದರೆ ಇನ್ನೊಬ್ಬ ಡ್ರೈವರ್ ಬೇಕು. ಬೇರೆ ರಾಜ್ಯಗಳಿಗೂ ಹೋಗುವ ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಕಡ್ಡಾಯ ಅನ್ನುವ ಷರತ್ತನ್ನು 2018ರಲ್ಲಿ ತೆಗೆದುಹಾಕಿದರು. ಅದು ತೆಗೆಯಬಾರದಿದ್ದ ಷರತ್ತು.

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆದ ಮೇಲೆ ಗಾಡಿ ಸಲೀಸಾಗಿ ಓಡುತ್ತದೆ, ಕಣ್ಣೂ ಅಷ್ಟೇ ಸಲೀಸಾಗಿ ಮುಚ್ಚುತ್ತದೆ. 60ರ ವೇಗದಲ್ಲಿ ಮೂರು ಸೆಕೆಂಡ್ ತೂಕಡಿಸಿದರೆ ಲಾರಿ 50 ಮೀಟರ್ ಹೋಗಿರುತ್ತದೆ. ರಾತ್ರಿ 2ರಿಂದ 5 ಎಲ್ಲಕ್ಕಿಂತ ಕೆಟ್ಟ ಹೊತ್ತು. ರಸ್ತೆಬದಿಯ ತಟ್ಟುಕಡೆಯಲ್ಲಿ ಒಂದು ಕಟ್ಟಂಚಾಯ (ಹಾಲಿಲ್ಲದ ಚಹಾ) ಕುಡಿದು ಕೂಡಲೇ ಹೊರಡಬೇಡಿ. ಚಹಾ ಕೆಲಸ ಮಾಡಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಇಪ್ಪತ್ತು ನಿಮಿಷ ಮಲಗಿ. ಹೆದ್ದಾರಿ ಅಂಚಿನಲ್ಲಿ ಬೇಡ, ಪಂಪಿನ ಅಂಗಳಕ್ಕೋ ಪಾರ್ಕಿಂಗ್ ಜಾಗಕ್ಕೋ ಗಾಡಿ ಒಳಗೆ ತನ್ನಿ. ಲಾರಿಯ ಅಡಿಯಲ್ಲಿ ಚಾಪೆ ಹಾಸುವುದಂತೂ ಬೇಡವೇ ಬೇಡ.

ಹೇಳಿದರೂ ಧಣಿ ಕೇಳದಿದ್ದರೆ ಕಾಸರಗೋಡು ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಜಿಲ್ಲಾ ಕಾರ್ಮಿಕ ಕಚೇರಿ ಇದೆ. ಮಲಯಾಳ ಬರೆಯಲು ಬರುವುದಿಲ್ಲ ಅಂತ ಸುಮ್ನೆ ಕೂರಬೇಡಿ. ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದ ನಮಗಿದೆ. ಎರಡು ಪ್ರತಿ ಮಾಡಿ. ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಂಡು ಮನೆಗೆ ತನ್ನಿ. ಪುಸ್ತಕದ ಪುಟಗಳ ಜೆರಾಕ್ಸ್ ಜೊತೆಗಿಡಿ, ಪುಸ್ತಕ ಮಾತ್ರ ನಿಮ್ಮ ಜೇಬಿನಲ್ಲೇ ಇರಲಿ.